ನ್ಯೂಟ್ರೋಫಿಲ್‌ನೊಳಗೆ ಕಿಣ್ವದ ಸ್ಥಳಾಂತರ

ಮಂಗಳೂರಿನ ರೋಗನಿದಾನ ಪ್ರಯೋಗಾಲಯಗಳಲ್ಲಿ ದುಡಿದವರಿಗೆ ನ್ಯೂಟ್ರೋಫಿಲ್‌ಗಳೆಂಬ ಬಿಳಿ ರಕ್ತಕಣಗಳಲ್ಲಿರುವ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವದ ಪರೀಕ್ಷೆ ಹೊಸದಲ್ಲ. ನೂರು ಕಣಗಳನ್ನು ನೋಡಿ, ಬಣ್ಣದ ಗಾಢತೆಗೆ ತಕ್ಕಂತೆ ಪ್ರತಿಯೊಂದಕ್ಕೂ 0ಯಿಂದ 4ರವರೆಗೆ ಅಂಕ ಕೊಟ್ಟು ಕೂಡಿಸುತ್ತೇವೆ. ಮೊತ್ತ ತೀರಾ ಕಡಿಮೆಯಿದ್ದರೆ ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನ ಶಂಕೆ ಮೂಡುತ್ತದೆ, ತೀವ್ರ ಸೋಂಕಿದ್ದಲ್ಲಿ ಮೊತ್ತ ಏರಿರುತ್ತದೆ. ಕಿಣ್ವ ಎಷ್ಟಿದೆಯೆಂಬುದು ಇದರಿಂದ ತಿಳಿಯುತ್ತದೆ. ಕಣವು ಪ್ರಚೋದನೆಗೊಂಡಾಗ ಆ ಕಿಣ್ವ ಎಲ್ಲಿಂದ ಎಲ್ಲಿಗೆ ಸರಿಯಿತೆಂಬುದನ್ನು ಕಾಣಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು.

ವಿಶ್ರಾಂತ ನ್ಯೂಟ್ರೋಫಿಲ್‌ನಲ್ಲಿ ಈ ಕಿಣ್ವದ ಬಹುಪಾಲು ಸ್ರಾವಕ ಕೋಶಿಕೆಗಳೆಂಬ ಪುಟ್ಟ ಚೀಲಗಳ ಒಳಮೈಗೆ ಅಂಟಿಕೊಂಡಿರುತ್ತದೆ. ಬ್ಯಾಕ್ಟೀರಿಯಾದ ಸುಳಿವು ನೀಡುವ ಪೆಪ್ಟೈಡ್ ತಾಗಿದೊಡನೆ, ಕಣದೊಳಗಿನ ಕಣಿಕೆಗಳೆಂಬ ಉಳಿದೆಲ್ಲ ಚೀಲಗಳಿಗಿಂತ ಮೊದಲು, ಈ ಚೀಲಗಳು ಹೊರಪೊರೆಯೊಂದಿಗೆ ಬೆಸೆದುಕೊಳ್ಳುತ್ತವೆ. ಮೈಲೋಪೆರಾಕ್ಸಿಡೇಸ್ ಎಂಬ ಇನ್ನೊಂದು ಕಿಣ್ವ ತುಂಬಿದ ಅಜುರೋಫಿಲ್ ಕಣಿಕೆಗಳ ಸರದಿ ಕೊನೆಯದು. ಕಿಣ್ವದ ಒಟ್ಟು ಪ್ರಮಾಣ ಬದಲಾಗುವುದಿಲ್ಲ, ಒಳಗಿದ್ದುದು ಹೊರಮೈಗೆ ಬರುತ್ತದೆ, ಅಷ್ಟೆ.

ಇದನ್ನು ಚಿತ್ರದಲ್ಲಿ ಹಿಡಿಯಲು ಸೀರಿಯಂ ಲವಣ ಬಹಳ ಉಪಕಾರಿ. ಕಿಣ್ವವು ತಾನು ಒಡೆಯುವ ವಸ್ತುವಿನಿಂದ ಬಿಡಿಸಿದ ಫಾಸ್ಫೇಟನ್ನು ಸೀರಿಯಂ ಅಲ್ಲಿಯೇ ಹಿಡಿದು ಕರಗದ ಶೇಷವಾಗಿಸುತ್ತದೆ, ಮತ್ತು ಆ ಶೇಷವು ಎಲೆಕ್ಟ್ರಾನ್‌ಗಳನ್ನು ಚದುರಿಸುವುದರಿಂದ ಚಿತ್ರದಲ್ಲಿ ಕಪ್ಪಗೆ ಕಾಣುತ್ತದೆ. ಹಿಂದೆ ಬಳಸುತ್ತಿದ್ದ ಸೀಸವು ಕಿಣ್ವವಿಲ್ಲದ ಕಡೆಯೂ ಕೂರುತ್ತಿತ್ತು. 1975ರಲ್ಲಿ ಬ್ರಿಗ್ಸ್, ಕಾರ್ನೋವ್ಸ್ಕಿ ಮತ್ತು ಸಂಗಡಿಗರು ಸೀರಿಯಂನಿಂದಲೇ ನ್ಯೂಟ್ರೋಫಿಲ್ ಉತ್ಪಾದಿಸುವ ಹೈಡ್ರೋಜನ್ ಪೆರಾಕ್ಸೈಡಿನ ತಾಣವನ್ನೂ ತೋರಿಸಿದರು. ಕಣವನ್ನು ಇದ್ದ ಸ್ಥಿತಿಯಲ್ಲೇ ಸ್ಥಿರೀಕರಿಸುವ ಗ್ಲುಟರಾಲ್ಡಿಹೈಡ್ ಹೆಚ್ಚಾದರೆ ಕಿಣ್ವ ಸಾಯುತ್ತದೆ, ಕಡಿಮೆಯಾದರೆ ಪೊರೆಗಳು ಕೆಡುತ್ತವೆ. ಕಷ್ಟವೆಲ್ಲ ಈ ಎರಡರ ನಡುವಿನ ಹದ ಹುಡುಕುವುದರಲ್ಲಿದೆ. ನಮ್ಮ ಕರಾವಳಿಯ ಆಟಿ ತಿಂಗಳ ಮಳೆಗಾಲದ ಹವೆಯಲ್ಲಿ, ಕಣಗಳನ್ನು ಹುದುಗಿಸಿ ಬ್ಲಾಕ್ ಮಾಡುವ ಎಪಾಕ್ಸಿ ರಾಳದ ಗಟ್ಟಿಕಾರಕ ತೇವ ಹೀರಿ ಕೆಡುವುದೂ ಇದೆ, ಆಗ ಬ್ಲಾಕ್ ಮೆತ್ತಗಾಗಿ 70 ನ್ಯಾನೋಮೀಟರ್ ದಪ್ಪದ ಸೀಳು ನೆಟ್ಟಗೆ ಬರುವುದಿಲ್ಲ.

ನಿರ್ದಿಷ್ಟ ಪ್ರೋಟೀನಿಗೆ ಅಂಟುವ ಪ್ರತಿಕಾಯಕ್ಕೆ ಚಿನ್ನದ ಕಣ ಸೇರಿಸಿ ಬಳಸುವ ವಿಧಾನ ಇದಕ್ಕಿಂತ ನಿಖರವೆಂದು ಹಲವರ ಅಭಿಪ್ರಾಯ. 10 ನ್ಯಾನೋಮೀಟರಿನ ಚುಕ್ಕೆಗಳನ್ನು ಎಣಿಸಬಹುದೆಂಬುದು ನಿಜ. ಆದರೆ ಆ ಚುಕ್ಕೆ ತೋರಿಸುವುದು ಪ್ರೋಟೀನನ್ನು, ಅದರ ದುಡಿಮೆಯನ್ನಲ್ಲ. ಪೆರಾಕ್ಸೈಡಿನ ಮೂಲವಾದ ಎನ್‌ಎಡಿಪಿಎಚ್ ಆಕ್ಸಿಡೇಸ್ ಎಂಬ ಕಿಣ್ವದಲ್ಲಿ ಈ ಭೇದ ಎದ್ದು ಕಾಣುತ್ತದೆ: ಅದರ ಪೊರೆಯ ಭಾಗವು ಕಣಿಕೆಗಳಲ್ಲಿ ಸುಮ್ಮನೆ ಕುಳಿತಿದ್ದರೂ ಚಿನ್ನ ಅಲ್ಲಿ ಗುರುತು ಹಾಕುತ್ತದೆ, ಸೀರಿಯಂ ಮಾತ್ರ ಕೋಶದ್ರವದಿಂದ ಪಿ47 ಮತ್ತು ಪಿ67 ಎಂಬ ಜೊತೆಗಾರ ಪ್ರೋಟೀನ್‌ಗಳು ಬಂದು ಸೇರಿ ಕೆಲಸ ಆರಂಭವಾದ ಮೇಲಷ್ಟೇ ಕಪ್ಪಾಗುತ್ತದೆ. ಎರಡರಲ್ಲೂ ನೋಡುವುದು ನಿಶ್ಚಲ ಕಣಗಳನ್ನೇ ಆದ್ದರಿಂದ, ಪ್ರಚೋದನೆಗೆ ಮುನ್ನ ಮತ್ತು ನಂತರದ ಬೇರೆ ಬೇರೆ ನಿಮಿಷಗಳಲ್ಲಿ ಸ್ಥಿರೀಕರಿಸಿದ ಮಾದರಿಗಳನ್ನು ಒಟ್ಟಿಗಿಟ್ಟು ತೋರಿಸದ, ಒಂದೇ ಸುಂದರ ಕಣದ ಚಿತ್ರವನ್ನು ಸ್ಥಳಾಂತರದ ಪುರಾವೆಯೆಂದು ನಾನು ಒಪ್ಪುವುದಿಲ್ಲ.