ಆಲಿಕಲ್ಲು ಮಳೇಲಿ ರೆಕ್ಕೆ ಬಿಚ್ಚಿ ಕೂತ ಟರ್ನ್

ನಮ್ಮೂರು ಭದ್ರಾ ಅಚ್ಚುಕಟ್ಟಲ್ಲಿದೆ. ಬೆಳಗ್ಗೆ ಪೇಪರ್ ಬಂದ್ರೆ ಅಪ್ಪ ಮೊದಲು ನೋಡೋದೇ ಡ್ಯಾಮಿನ ಮಟ್ಟ. 186 ಅಡಿ ತುಂಬಿತು ಅಂದ್ರೆ ಮನೇಲಿ ಹಬ್ಬ, ಬೇಗ ತುಂಬ್ಲಪ್ಪಾ ಅಂತ ಬೇಡ್ಕೊಂಡೇ ಬೆಳೆದವನು ನಾನು.

ಮೊನ್ನೆ ಮೇ ಕೊನೇಲಿ ರಿವರ್ ಟರ್ನ್ ಅನ್ನೋ ನೀರುಹಕ್ಕಿ ನೋಡೋಕೆ ಅಂತ ಭದ್ರಾ ಡ್ಯಾಮ್ ಇರೋ ಲಕ್ಕವಳ್ಳಿಗೆ ಹೋಗಿದ್ದೆ. ಬೇಸಿಗೇಲಿ ನಾಲೆಗೆ ನೀರು ಬಿಟ್ಟು ಬಿಟ್ಟು ಡ್ಯಾಮು ಇಳಿದಾಗ ಹಿನ್ನೀರಿನ ಮಧ್ಯೆ ಮುಳುಗಿದ್ದ ದಿಬ್ಬಗಳೆಲ್ಲಾ ದ್ವೀಪದ ಥರ ಮೇಲೇಳ್ತವೆ, ಆ ಬೋಳು ಕಲ್ಲು ನೆಲದ ಮೇಲೇ ಸಾವಿರಾರು ಟರ್ನ್‌ಗಳು ಮೊಟ್ಟೆ ಇಡೋದು. ಕಡ್ಡಿ ತಂದು ಗೂಡು ಗೀಡು ಕಟ್ಟಲ್ಲ, ನೆಲದಲ್ಲಿ ಒಂದು ಸಣ್ಣ ಕುಳಿ ಅಷ್ಟೇ, ಅದರಲ್ಲಿ ಎರಡೋ ಮೂರೋ ಚುಕ್ಕೆ ಚುಕ್ಕೆ ಮೊಟ್ಟೆ. ಉರಿಬಿಸಿಲಲ್ಲಿ ತಾಯಿ ಹಕ್ಕಿ ಹೊಟ್ಟೆಯ ಗರಿ ನೀರಲ್ಲಿ ನೆನೆಸ್ಕೊಂಡು ಬಂದು ಮೊಟ್ಟೆ ತಂಪು ಮಾಡತ್ತೆ. ಮುಂಗಾರು ಹಿಡಿದು ನೀರು ಏರಿದ್ರೆ ದಿಬ್ಬ ಮತ್ತೆ ಮುಳುಗತ್ತೆ, ಅಷ್ಟರೊಳಗೆ ಮರಿ ಹಾರೋದು ಕಲ್ತಿರ್ಬೇಕು.

ಮಧ್ಯಾಹ್ನ ಮೂರೂವರೆಗೆ ಬೋಟ್ ಹತ್ತಿದಾಗ ಸುಡುಬಿಸಿಲು, ಒಂದು ಎಲೆ ಅಲ್ಲಾಡ್ತಿರ್ಲಿಲ್ಲ. ಅರ್ಧ ಗಂಟೆಗೆ ಗುಡ್ಡದ ಹಿಂದಿಂದ ಮಸಿ ಥರ ಮೋಡ ಎದ್ದು ಬಂತು. ಬೋಟಿನಣ್ಣ 'ಸಾರ್, ಇದು ಸುಮ್ನೆ ಹೋಗೋ ಮೋಡ ಅಲ್ಲ' ಅಂದು ದಡದ ಒಂದು ಮೂಲೆಗೆ ತಿರುಗ್ಸಿ ಇಂಜಿನ್ ಆಫ್ ಮಾಡಿದ್ರು. ಗಾಳಿ ಅಂದ್ರೆ ಗಾಳಿ! ಸಮುದ್ರದ ಥರ ಅಲೆ, ಅದರ ಹಿಂದೇನೇ ಆಲಿಕಲ್ಲು, ಟಾರ್ಪಾಲಿನ ಮೇಲೆ ಟಪಟಪ ಅಂತ ಬಿದ್ದು ಪಕ್ಕದವರ ಮಾತೂ ಕೇಳ್ತಿರ್ಲಿಲ್ಲ.

ಎದುರಿನ ದಿಬ್ಬದ ಕಡೆ ಬೈನಾಕ್ಯುಲರ್ ಹಿಡಿದೆ, ಲೆನ್ಸ್ ಮಂಜಾಗ್ತಿತ್ತು, ಅಂಗಿ ಚುಂಗಲ್ಲಿ ಒರೆಸಿ ಒರೆಸಿ ನೋಡ್ದೆ. ಒಂದು ಹಕ್ಕೀನೂ ಎದ್ದಿರ್ಲಿಲ್ಲ! ಎಲ್ಲವೂ ಗಾಳಿಗೆ ಮುಖ ಕೊಟ್ಟು ನೆಲಕ್ಕೆ ಅಂಟ್ಕೊಂಡು ಕೂತಿದ್ವು. ಅಂಚಲ್ಲಿದ್ದ ಒಂದು ಟರ್ನ್ ಎಡ ರೆಕ್ಕೆ ಸ್ವಲ್ಪ ಬಿಚ್ಚಿ ಹಿಡಿದಿತ್ತು, ಆಲಿಕಲ್ಲು ಬೆನ್ನಿಗೆ ಬಡಿದಾಗೆಲ್ಲಾ ಅದರ ಕರೀ ತಲೆ ಕೆಳಗೆ ಬಾಗೋದು, ಮತ್ತೆ ಎತ್ತೋದು, ಆದ್ರೆ ರೆಕ್ಕೆ ಮಾತ್ರ ಮಡಚ್ಲಿಲ್ಲ. ಆ ರೆಕ್ಕೆ ಕೆಳಗಿಂದ ಮಣ್ಣಿನ ಬಣ್ಣದ ಒಂದು ಪುಟ್ಟ ಕೊಕ್ಕು ಹೊರಗೆ ಬಂದು ಒಳಗೆ ಹೋಯ್ತು. ನಂಗೆ ಗಂಟಲು ಕಟ್ಟಿ ಬಂತು, ನಿಜವಾಗ್ಲೂ.

ಹತ್ತು ನಿಮಿಷಕ್ಕೆ ಆಲಿಕಲ್ಲು ನಿಂತು ಬರೀ ಮಳೆ ಆಯ್ತು. ತಾಯಿ ಎದ್ದು ಮೈ ಕೊಡವಿತು, ಒಂದಲ್ಲ, ಎರಡು ಮರಿ! ಎಲ್ಲಿತ್ತೋ ಇನ್ನೊಂದು ದೊಡ್ಡ ಹಕ್ಕಿ, ಕಿತ್ತಳೆ ಹಳದಿ ಕೊಕ್ಕಲ್ಲಿ ಬೆಳ್ಳಗೆ ಮಿಂಚೋ ಮೀನು ಅಡ್ಡ ಹಿಡ್ಕೊಂಡು ಬಂದು ಇಳೀತು.

ವಾಪಸ್ ಬರ್ತಾ ಬೋಟಿನಣ್ಣನ್ನ ನೀರು ಏರೋಕೆ ಎಷ್ಟು ದಿನ ಇದೆ ಅಂತ ಕೇಳ್ದೆ. 'ಘಟ್ಟದಲ್ಲಿ ಮಳೆ ಹಿಡೀಬೇಕು ಸಾರ್, ಆಮೇಲೆ ಜೋರು' ಅಂದ್ರು. ರಾತ್ರಿ ಅಪ್ಪ ಫೋನ್ ಮಾಡಿ ಆ ಕಡೆ ಮಳೆ ಹೆಂಗೆ, ಡ್ಯಾಮಿಗೆ ನೀರು ಬರ್ತಿದ್ಯಾ ಅಂದ್ರು. ಇನ್ನೊಂದು ಹದಿನೈದು ದಿನ ತಡವಾಗಿ ಬರ್ಲಪ್ಪಾ ಅಂದ್ಬಿಟ್ಟೆ. ಅವ್ರು ಸುಮ್ನಾದ್ರು, ಯಾಕೆ ಅಂದ್ರು, ಆಮೇಲೆ ಆ ರೆಕ್ಕೆ ವಿಷ್ಯ ಎಲ್ಲಾ ಹೇಳ್ದೆ.