ಗಡಿಯಾರ ನಿಂತಿತ್ತು, ಆಟ ಓಡುತ್ತಿತ್ತು

ಮುಂಬಯಿಯ ಮಾಟುಂಗಾದಲ್ಲಿ ಕಾಲೇಜು ಹುಡುಗರ ಬಾಸ್ಕೆಟ್‌ಬಾಲ್ ಪಂದ್ಯ, ರೆಫರಿ ನಾನು. ನಾಲ್ಕನೇ ಕ್ವಾರ್ಟರ್, ಉಳಿದದ್ದು 1:12. ಒಂದು ತಂಡ ಬುಟ್ಟಿಗೆ ಹಾಕಿತು, ಗಡಿಯಾರ ನಿಂತಿತು. ಕೊನೆಯ 2 ನಿಮಿಷದಲ್ಲಿ ಹಾಗೇ ನಿಯಮ. ಬುಟ್ಟಿಯ ಹಿಂದಿನ ಗೆರೆಯಿಂದ (ಎಂಡ್‌ಲೈನ್) ಚೆಂಡು ಒಳಗೆ ಬಂದು ಆಟಗಾರನ ಕೈ ಮುಟ್ಟಿದ ತಕ್ಷಣ ಮತ್ತೆ ಓಡಬೇಕು. ಬೋರ್ಡ್ ನೋಡಿದೆ. 1:12. ಇನ್ನೊಮ್ಮೆ ನೋಡಿದೆ. ಅದೇ.

ಸೀಟಿ ಬಾಯಲ್ಲೇ ಇತ್ತು, ಊದಲಿಲ್ಲ. ಹುಡುಗ ಆಗಲೇ ಬುಟ್ಟಿಯ ಕಡೆ ನುಗ್ಗುತ್ತಿದ್ದ. ಗಡಿಯಾರ, ಸ್ಕೋರ್ ನೋಡಿಕೊಳ್ಳುವ ಮೇಜಿನವರ ತಪ್ಪಿಗೆ ಅವನ ಅವಕಾಶ ಯಾಕೆ ಹಾಳಾಗಬೇಕು? ಚೆಂಡು ಹೊರಗೆ ಹೋದ ಮೇಲೆ ನಿಲ್ಲಿಸಿದೆ.

ಟೈಮರ್ ಹುಡುಗ ನಮ್ಮವನೇ, ಅವನ ಮನೆಯವರು ಕುಂದಾಪುರದ ಕಡೆಯವರು. ಮುಖ ಬಿಳುಚಿಹೋಗಿತ್ತು. "ಸರ್, ಒತ್ತಿದೆ, ಓಡ್ಲೇ ಇಲ್ಲ."

"ಆಯ್ತು ಮಾರಾಯ, ಅದು ಆಮೇಲೆ. ಶಾಟ್ ಕ್ಲಾಕ್ ಎಷ್ಟಿದೆ?"

15. ಚೆಂಡು ಸಿಕ್ಕ ತಂಡ ಬುಟ್ಟಿಗೆ ಎಸೆಯಲು ಇರುವ 24 ಸೆಕೆಂಡ್ ಎಣಿಸುವ ಗಡಿಯಾರ ಅದು. ಅದನ್ನು ನಡೆಸುವವನು ಬೇರೆ, ಅವನ ಗಡಿಯಾರ ಸರಿಯಾಗಿ ಓಡಿತ್ತು. 24ರಿಂದ 15ಕ್ಕೆ ಬಂದಿದೆ ಅಂದರೆ 9 ಸೆಕೆಂಡ್ ಕಳೆದಿದೆ. 1:03 ಮಾಡಿಸಿದೆ. ಇಬ್ಬರೂ ಕೋಚ್‌ಗಳನ್ನು ಕರೆದು ಈ ಲೆಕ್ಕ ಹೇಳಿದೆ, ಇಬ್ಬರೂ ಸುಮ್ಮನಾದರು. ನನ್ನ ಅಂದಾಜು ಅಂದಿದ್ದರೆ ಬಿಡ್ತಿದ್ರಾ? 1972ರ ಮ್ಯೂನಿಕ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಕೊನೆಯ 3 ಸೆಕೆಂಡಿನ ಗಡಿಯಾರದ ಗೊಂದಲದಲ್ಲಿ ಚೆಂಡನ್ನು ಮೂರು ಸಲ ಒಳಗೆ ಎಸೆಯಬೇಕಾಯಿತು. ಸೋವಿಯತ್ ತಂಡ 51–50ರಲ್ಲಿ ಗೆದ್ದಿತು, ಅಮೆರಿಕದವರು ಬೆಳ್ಳಿ ಪದಕ ಇವತ್ತಿಗೂ ತೆಗೆದುಕೊಂಡಿಲ್ಲ.

ಸ್ಕೋರ್‌ಬೋರ್ಡಿನ ತಪ್ಪು ಇದಕ್ಕಿಂತ ಜಾಸ್ತಿ. ಮೂರು ಪಾಯಿಂಟಿಗೆ ಎರಡು ಒತ್ತಿಬಿಡುತ್ತಾರೆ, ಜನ ಕೂಗಲು ಶುರು ಮಾಡುತ್ತಾರೆ. ಬೋರ್ಡಿಗೂ ಸ್ಕೋರ್‌ಶೀಟಿಗೂ ವ್ಯತ್ಯಾಸ ಬಂದರೆ ಶೀಟಿನದ್ದೇ ಮಾತು. ಅದರಲ್ಲಿ ಮೂರು ಪಾಯಿಂಟ್ ಹಾಕಿದವನ ನಂಬರಿನ ಸುತ್ತ ವೃತ್ತ ಎಳೆದಿರುತ್ತದೆ, ನೋಡಿದ ಕೂಡಲೇ ಗೊತ್ತಾಗುತ್ತದೆ. ಆದರೆ ತಪ್ಪು ಕಂಡಿತು ಅಂತ ಸ್ಕೋರರ್ ಆಟದ ಮಧ್ಯೆ ಬಜರ್ ಒತ್ತುವ ಹಾಗಿಲ್ಲ. ಚೆಂಡು ಡೆಡ್ ಆಗುವವರೆಗೆ, ಅಂದರೆ ಆಟ ನಿಲ್ಲುವವರೆಗೆ, ಕಾಯಬೇಕು. ಹೊಸಬರಿಗೆ ಇದೇ ಕಷ್ಟ, ಕೈ ತಡೆಯುವುದಿಲ್ಲ.

ಶೀಟಿನಲ್ಲೇ ತಪ್ಪಿದ್ದರೆ? ಮುಖ್ಯ ರೆಫರಿ ಸಹಿ ಹಾಕುವ ತನಕ ತಿದ್ದಬಹುದು, ಗೆದ್ದವರು ಸೋತವರಾದರೂ ಸರಿ. ಸಹಿ ಆಯಿತೋ, ಮುಗಿಯಿತು.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಒಂದು ಟೂರ್ನಮೆಂಟಿನಲ್ಲಿ ಕೊನೆಯ ಲೋಕಲ್ ರೈಲು ತಪ್ಪೀತೆಂದು ಗಡಿಬಿಡಿಯಲ್ಲಿ ಸಹಿ ಹಾಕಿ ಬ್ಯಾಗ್ ಹೆಗಲಿಗೇರಿಸಿದೆ. ಗೇಟಿನ ಹತ್ತಿರ ಸ್ಕೋರರ್ ಹುಡುಗಿ ಓಡಿಬಂದಳು. ಒಂದು ಫ್ರೀ ಥ್ರೋ ಪಾಯಿಂಟ್ ಎರಡು ಸಲ ಬರೆದಿದ್ದಳು. ಅಂತರ ದೊಡ್ಡದಿತ್ತು, ಗೆಲುವು ಬದಲಾಗುತ್ತಿರಲಿಲ್ಲ. ಆದರೂ ಶೀಟ್ ತಿದ್ದಲಾಗಲಿಲ್ಲ. ಕಮಿಟಿಗೆ ವರದಿ ಬರೆಯಲು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಲೋಕಲ್ ಹೋಯಿತು.

ಈಗ ಪಂದ್ಯ ಮುಗಿದ ಮೇಲೆ ಸ್ಕೋರರ್ ಪಕ್ಕ ಕುರ್ಚಿ ಎಳೆದುಕೊಳ್ಳುತ್ತೇನೆ. ಕ್ವಾರ್ಟರ್ ಕ್ವಾರ್ಟರಾಗಿ ಬೆರಳಿಟ್ಟು ಕೂಡಿಸಿದ ಮೇಲೇ ಪೆನ್ನಿನ ಮುಚ್ಚಳ ತೆಗೆಯುವುದು. ಅಷ್ಟರಲ್ಲಿ ಉಳಿದವರು ಒಂದೊಂದು ವಡಾ ಪಾವ್ ಮುಗಿಸಿರುತ್ತಾರೆ.