ಫ್ಲೆಮಿಂಗ್ಟನ್‌ಗೆ ಹೋಗುವ ರೈಲು

ಆಸ್ಟ್ರೇಲಿಯಾದ ಹೆಸರಾಂತ ಕುದುರೆ ಓಟವಾದ ಮೆಲ್ಬರ್ನ್ ಕಪ್ ನೋಡಲು ಹೊರಟವರು ಯಾವ ಕುದುರೆಯ ಮೇಲೆ ಬಾಜಿ ಕಟ್ಟಬೇಕೆಂದು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಅಷ್ಟೇ ಗಂಭೀರವಾದ ಚರ್ಚೆ ನಡೆದದ್ದು ಯಾವ ನಿಲ್ದಾಣದಲ್ಲಿ ರೈಲು ಹತ್ತಬೇಕು ಎಂಬುದರ ಬಗ್ಗೆ. 2024ರ ನವೆಂಬರ್ ಮೊದಲ ವಾರ ನಾನೂ ಅಮ್ಮನೂ ನಗರದ ಪಶ್ಚಿಮ ಅಂಚಿನ ಪಾಯಿಂಟ್ ಕುಕ್‌ನಲ್ಲಿ ತಂಗಿಯ ಮನೆಯಲ್ಲಿದ್ದೆವು. ಅಮ್ಮನಿಗೆ ಮಂಡಿನೋವು, ಹೆಚ್ಚು ಹೊತ್ತು ನಿಲ್ಲಲಾಗದು, ಆದರೆ ಟಿವಿಯಲ್ಲಷ್ಟೇ ನೋಡಿದ್ದ ಕಪ್ ಓಟವನ್ನು ಕಣ್ಣಾರೆ ನೋಡಲೇಬೇಕೆಂಬ ಹಟ. ಹೀಗಾಗಿ ಪ್ರಯಾಣದ ಯೋಜನೆಯೆಲ್ಲ ಅವರು ಎಲ್ಲೆಲ್ಲಿ ಕುಳಿತುಕೊಳ್ಳಬಹುದು ಎಂಬ ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತಿತ್ತು.

ಕಪ್ ಓಟ ನಡೆಯುವುದು ನವೆಂಬರಿನ ಮೊದಲ ಮಂಗಳವಾರ, ಮಧ್ಯಾಹ್ನ ಮೂರು ಗಂಟೆಗೆ. ಅಂದು ಮೆಲ್ಬರ್ನ್ ಮಹಾನಗರಕ್ಕೆ ಸಾರ್ವಜನಿಕ ರಜೆ. ಕುದುರೆ ಓಟಕ್ಕಾಗಿ ಕಚೇರಿ ಮುಚ್ಚುವ ಊರಿನಲ್ಲಿ ಸಾರಿಗೆಯೂ ಆ ಓಟಕ್ಕೆ ತಕ್ಕಂತೆ ತನ್ನನ್ನು ಹೊಂದಿಸಿಕೊಳ್ಳುತ್ತದೆ. ಕಪ್ ಓಟ ನಡೆಯುವ ಫ್ಲೆಮಿಂಗ್ಟನ್ ರೇಸ್‌ಕೋರ್ಸಿಗೆ ತನ್ನದೇ ಆದ ರೈಲು ನಿಲ್ದಾಣವಿದೆ. ಮುಖ್ಯ ಮಾರ್ಗದಿಂದ ನ್ಯೂಮಾರ್ಕೆಟ್ ಬಳಿ ಕವಲೊಡೆಯುವ ಈ ಚಿಕ್ಕ ಹಳಿಯ ಮೇಲೆ ರೇಸ್ ಮತ್ತು ಪಕ್ಕದ ಮೈದಾನದ ದೊಡ್ಡ ಪ್ರದರ್ಶನಗಳ ದಿನಗಳಲ್ಲಿ ಮಾತ್ರ ಪ್ರಯಾಣಿಕರ ರೈಲು ಓಡುತ್ತದೆ. ಈ ಹಳಿ ಬಂದದ್ದು 1861ರ ಫೆಬ್ರುವರಿಯಲ್ಲಿ, ಮೊದಲ ಕಪ್ ಓಟ ನಡೆದದ್ದು ಅದೇ ವರ್ಷದ ನವೆಂಬರಿನಲ್ಲಿ. ಅಂದರೆ ಕಪ್‌ಗಿಂತ ಮೊದಲೇ ರೈಲು ಬಂದಿತ್ತು. ಲಕ್ಷದ ಹತ್ತಿರದ ಜನಸಂದಣಿಯನ್ನು ಈ ಮೈದಾನ ಇಂದಿಗೂ ಏದುಸಿರು ಬಿಡದೆ ನಿಭಾಯಿಸುವುದಕ್ಕೆ ಇದೇ ಮುಖ್ಯ ಕಾರಣವೆಂದು ನನ್ನ ಅನಿಸಿಕೆ. ನಮ್ಮ ಬೆಂಗಳೂರಿನ ರೇಸ್‌ಕೋರ್ಸ್ ಮೆಜೆಸ್ಟಿಕ್‌ಗೆ ಅಷ್ಟು ಹತ್ತಿರವಿದ್ದೂ ಡರ್ಬಿಯ ದಿನ ಸುತ್ತಲಿನ ರಸ್ತೆಗಳು ಪಡುವ ಪಾಡನ್ನು ಕಂಡವರಿಗೆ ಈ ಮಾತು ಅರ್ಥವಾದೀತು.

ಭಾವನವರು ಕಾರಿನಲ್ಲಿ ಹೋಗೋಣವೆಂದರು. ಆ ಸಲಹೆ ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಬಿದ್ದುಹೋಯಿತು. ಮುಂದಿನದು 57ನೇ ಸಂಖ್ಯೆಯ ಟ್ರಾಮ್: ನಗರದ ಮಧ್ಯದ ಎಲಿಜಬೆತ್ ಬೀದಿಯಿಂದ ಹೊರಟು ರೇಸ್‌ಕೋರ್ಸಿನ ಮುಂದೆಯೇ ಹಾದುಹೋಗುತ್ತದೆ. ನಗರಕೇಂದ್ರದೊಳಗೆ ಟ್ರಾಮ್ ಪ್ರಯಾಣ ಉಚಿತ, ಆದರೆ ಕ್ವೀನ್ ವಿಕ್ಟೋರಿಯಾ ಮಾರುಕಟ್ಟೆಯನ್ನು ದಾಟಿದ ಮೇಲೆ ಆ ಸೌಲಭ್ಯ ಮುಗಿಯುತ್ತದೆ. ಪ್ರಯಾಣದ ಹಣ ಕಡಿತವಾಗುವ ಮೈಕಿ ಕಾರ್ಡನ್ನು ಯಂತ್ರಕ್ಕೆ ತಾಗಿಸದೆ ಕುಳಿತ ಹೊರಗಿನವರು ದಂಡ ತೆರಬೇಕಾಗುವುದು ಇಲ್ಲಿಯೇ. ಟ್ರಾಮ್ ನೋಡಲು ಸೊಗಸು, ಆದರೆ ಕಪ್ ದಿನ ಅದರಲ್ಲಿ ಕೂರಲು ಜಾಗ ಸಿಗುವ ಭರವಸೆ ಇರಲಿಲ್ಲ.

ಉಳಿದದ್ದು ರೈಲು. ನಮಗೆ ಹತ್ತಿರದ ನಿಲ್ದಾಣ ವೆರಿಬಿ ಮಾರ್ಗದ ವಿಲಿಯಮ್ಸ್ ಲ್ಯಾಂಡಿಂಗ್. ಭೂಪಟ ಹರಡಿಕೊಂಡು ನೋಡಿದರೆ ಆ ಮಾರ್ಗದ ಫುಟ್‌ಸ್ಕ್ರೇಯಿಂದ ರೇಸ್‌ಕೋರ್ಸ್ ಕೂಗಳತೆಯ ದೂರದಲ್ಲಿದ್ದಂತೆ ಕಾಣುತ್ತದೆ. ನಡುವೆ ಇರುವುದು ಮರಿಬಿರ್ನಾಂಗ್ ನದಿ, ನೇರ ರೈಲಿಲ್ಲ. ನಾರ್ತ್ ಮೆಲ್ಬರ್ನ್‌ವರೆಗೆ ಹೋಗಿ, ಅಲ್ಲಿ ರೇಸ್ ರೈಲಿಗೆ ಬದಲಾಯಿಸಿಕೊಂಡು ಮತ್ತೆ ವಾಯವ್ಯಕ್ಕೆ ಬರಬೇಕು. ನಾನು ಅದನ್ನೇ ಸೂಚಿಸಿದೆ. ತಂಗಿ ಒಪ್ಪಲಿಲ್ಲ. "ಅಣ್ಣ, ನಾರ್ತ್ ಮೆಲ್ಬರ್ನ್‌ಗೆ ಬರುವಷ್ಟರಲ್ಲಿ ಆ ರೈಲು ತುಂಬಿರುತ್ತೆ. ಎರಡು ಸ್ಟೇಷನ್ ಮುಂದೆ ಫ್ಲಿಂಡರ್ಸ್ ಸ್ಟ್ರೀಟ್‌ಗೇ ಹೋಗೋಣ, ಹೊರಡುವ ಕಡೆಯಲ್ಲೇ ಹತ್ತಿದರೆ ಅಮ್ಮನಿಗೆ ಸೀಟು ಸಿಗುತ್ತೆ" ಎಂದಳು. ಸೀಟಿಗಾಗಿ ಮಲ್ಲೇಶ್ವರದಿಂದ ಮೆಜೆಸ್ಟಿಕ್‌ಗೆ ಹಿಂದಕ್ಕೆ ಹೋಗಿ ಬಸ್ಸು ಹತ್ತುವ ನಮ್ಮೂರಿನ ಉಪಾಯವೇ ಇದು. ರಜಾದಿನವಾದ್ದರಿಂದ ಆ ವರ್ಷ ಇಡೀ ದಿನದ ಪ್ರಯಾಣಕ್ಕೆ 7.20 ಡಾಲರ್‌ಗಿಂತ ಹೆಚ್ಚು ಕಡಿತವಾಗುತ್ತಿರಲಿಲ್ಲ. ಎರಡು ನಿಲ್ದಾಣ ಹೆಚ್ಚು ಸುತ್ತಿದರೂ ಕೈಯಿಂದ ಹೋಗುವುದೇನಿರಲಿಲ್ಲ.

ಫ್ಲಿಂಡರ್ಸ್ ಸ್ಟ್ರೀಟಿನ ಹಳದಿ ಕಟ್ಟಡದೊಳಗೆ ಅಂದು ಬೆಳಿಗ್ಗೆ ಮದುವೆ ಮಂಟಪದ ಕಳೆ ಇತ್ತು. ಗರಿ, ಬಲೆ, ಬಟ್ಟೆಯ ಹೂಗಳನ್ನು ತಲೆಗೆ ಸಿಕ್ಕಿಸಿಕೊಂಡ ಹೆಂಗಸರು, ಕೋಟಿನ ಗುಂಡಿಗೆ ಹಳದಿ ಗುಲಾಬಿ ಸಿಕ್ಕಿಸಿದ ಗಂಡಸರು. ಅಮ್ಮನ ಎದುರು ಕುಳಿತ ಯುವತಿಯ ಕಾಲಲ್ಲಿ ಗೇಣುದ್ದದ ಹಿಮ್ಮಡಿಯ ಚಪ್ಪಲಿ. ಅವಳ ಮಡಿಲಿನ ಪುಟ್ಟ ಚೀಲದಿಂದ ರಬ್ಬರ್ ಚಪ್ಪಲಿಯ ತುದಿ ಇಣುಕುತ್ತಿತ್ತು. ಅದನ್ನು ಗಮನಿಸಿದ ಅಮ್ಮ "ಇವಳು ವಾಪಸು ಬರೋದನ್ನೂ ಯೋಚಿಸಿದ್ದಾಳೆ" ಎಂದು ಮೆಚ್ಚಿಕೊಂಡರು. ನಾರ್ತ್ ಮೆಲ್ಬರ್ನ್‌ನಲ್ಲಿ ನುಗ್ಗಿದ ಜನ ನಡುವಿನ ಓಡಾಟದ ಜಾಗವನ್ನೆಲ್ಲ ತುಂಬಿದಾಗ ತಂಗಿ ನನ್ನ ಕಡೆ ನೋಡಿ ಏನೂ ಹೇಳಲಿಲ್ಲ. ಇಳಿದ ಪ್ಲಾಟ್‌ಫಾರ್ಮಿನಿಂದ ರೇಸ್‌ಕೋರ್ಸಿನ ಗೇಟಿಗೆ ನಡೆಯಬೇಕಾದದ್ದು ಅತ್ಯಲ್ಪ. ಹದಿನಾರು ಸಾವಿರ ಗುಲಾಬಿ ಗಿಡಗಳಿವೆಯೆಂದು ಹೇಳಲಾಗುವ ಆ ಆವರಣದಲ್ಲಿ ಅಮ್ಮನಿಗೆ ನೆರಳಿನ ಬೆಂಚು ಸಿಕ್ಕಿದ್ದೇ ನಮಗೆ ದೊಡ್ಡ ಗೆಲುವು.

ಮನುಷ್ಯರದು ಹೀಗಾದರೆ, ಕುದುರೆಗಳ ಪ್ರಯಾಣದ್ದು ಇನ್ನೂ ದೊಡ್ಡ ಕಥೆ. ಹೊರದೇಶಗಳಿಂದ ವಿಮಾನದಲ್ಲಿ ಬಂದ ಕುದುರೆಗಳನ್ನು ರೋಗ ಹರಡದಂತೆ ವೆರಿಬಿಯ ಪ್ರತ್ಯೇಕ ಕೇಂದ್ರದಲ್ಲಿ ಇರಿಸುತ್ತಾರೆ. ಸಾಕಷ್ಟು ಕನ್ನಡಿಗರು ನೆಲೆಸಿರುವ ಪಶ್ಚಿಮದ ಬಡಾವಣೆಗಳಿಗೆ ಅವು ಕೆಲವು ವಾರಗಳ ನೆರೆಯವರು. 1861ರಲ್ಲಿ ಮೊದಲ ಕಪ್ ಗೆದ್ದ ಆರ್ಚರ್ ಎಂಬ ಕುದುರೆ ನ್ಯೂ ಸೌತ್ ವೇಲ್ಸಿನ ನೌರಾದಿಂದ ಸುಮಾರು 800 ಕಿಲೋಮೀಟರ್ ನಡೆದೇ ಬಂತೆಂದು ಇಲ್ಲಿನವರು ಅಭಿಮಾನದಿಂದ ಹೇಳುವುದುಂಟು. ವಾಸ್ತವವಾಗಿ ಅದು ಸಿಡ್ನಿಯಿಂದ ಹಡಗಿನಲ್ಲಿ ಬಂದಿತ್ತು. ದಂತಕಥೆಗೆ ನಡಿಗೆಯೇ ಚೆಂದ, ಓಟ ಗೆಲ್ಲಬೇಕಾದ ಕುದುರೆಗೆ ಹಡಗೇ ಸರಿ.

ಓಟದ ಬಗ್ಗೆ ಹೇಳುವುದು ಕಡಿಮೆ. 3,200 ಮೀಟರ್ ದೂರವನ್ನು ಕುದುರೆಗಳು ಮೂರು ನಿಮಿಷ ಚಿಲ್ಲರೆಯಲ್ಲಿ ಮುಗಿಸುತ್ತವೆ. ಯಾರೂ ಲೆಕ್ಕಕ್ಕಿಟ್ಟಿರದ ಕ್ವೀನ್ಸ್‌ಲ್ಯಾಂಡಿನ ನೈಟ್ಸ್ ಚಾಯ್ಸ್, ಜಪಾನಿನ ವಾರ್ಪ್ ಸ್ಪೀಡ್ ಅನ್ನು ಮೂಗಿನಷ್ಟು ಅಂತರದಲ್ಲಿ ಹಿಂದೆ ಹಾಕಿತು. ನಮ್ಮ ಸುತ್ತಲಿನ ಬಹುತೇಕರು ಚೀಟಿ ಹರಿದು ಎಸೆದರು.

ನಿಜವಾದ ಪರೀಕ್ಷೆ ಇದ್ದದ್ದು ಆಮೇಲೆ. ಆ ದಿನ ಮೈದಾನದಲ್ಲಿದ್ದವರು 91 ಸಾವಿರಕ್ಕೂ ಹೆಚ್ಚು. ಬರುವಾಗ ಬೆಳಗಿನಿಂದ ಹಂಚಿಹೋಗಿ ಬಂದ ಜನ ಹೋಗುವಾಗ ಎರಡೇ ಸಲ ಉಕ್ಕುತ್ತಾರೆ: ಕಪ್ ಓಟ ಮುಗಿದ ಕೂಡಲೇ ಒಮ್ಮೆ, ಕೊನೆಯ ಓಟದ ನಂತರ ಇನ್ನೊಮ್ಮೆ. ತಂಗಿ ಈ ಎರಡರ ನಡುವಿನ ಬಿಡುವನ್ನು ಮೊದಲೇ ಗುರುತು ಹಾಕಿಟ್ಟಿದ್ದಳು. ಮೊದಲ ಅಲೆ ಇಳಿಯಲೆಂದು ಮುಂದಿನ ಓಟವೊಂದನ್ನು ನೋಡಿ, ಅದರ ಮುಂದಿನದಕ್ಕೆ ಜನ ಕಟಕಟೆಯ ಕಡೆಗೆ ಸರಿಯುತ್ತಿದ್ದಾಗ ನಾವು ನಿಲ್ದಾಣಕ್ಕೆ ಹೊರಟೆವು. ಸಾಲು ಇತ್ತು, ಆದರೆ ನಿಲ್ಲದೆ ಸಾಗುತ್ತಿತ್ತು; ಹಿಮ್ಮಡಿಯ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆಯುವವರ ನಡುವೆ ಅಮ್ಮನ ನಿಧಾನ ಯಾರಿಗೂ ತೊಡಕಾಗಲಿಲ್ಲ. ಈ ಸಲ ಮಾತ್ರ ನಾರ್ತ್ ಮೆಲ್ಬರ್ನ್‌ನಲ್ಲೇ ಇಳಿದು ವೆರಿಬಿ ರೈಲು ಹಿಡಿದೆವು.

ಅದೇ ಮೈದಾನದಲ್ಲಿ ಗುರುವಾರ ನಡೆಯುವ ಓಕ್ಸ್ ಓಟದ ದಿನಕ್ಕೂ ಹೋಗೋಣವೇ ಎಂದು ಅಮ್ಮ ಕೇಳಿದಾಗ ತಂಗಿ ಬೇಡವೆಂಬಂತೆ ತಲೆಯಾಡಿಸಿದಳು. ಅಂದು ರಜೆಯಿಲ್ಲ, ದಿನದ ಪ್ರಯಾಣದ ಗರಿಷ್ಠ ಕಡಿತ ಆಗ 10.60 ಡಾಲರ್‌ಗೆ ಏರುತ್ತಿತ್ತು, ಸಂಜೆ ಐದರ ಹೊತ್ತಿಗೆ ಕಚೇರಿ ಬಿಟ್ಟವರೂ ರೇಸ್ ಬಿಟ್ಟವರೂ ಅದೇ ರೈಲುಗಳಿಗೆ ನುಗ್ಗುತ್ತಾರೆ. ಹೋಗುವುದಾದರೆ ನಾಲ್ಕಕ್ಕೆ ಮೊದಲೇ ಮೈದಾನ ಬಿಡಬೇಕು ಎಂಬ ಷರತ್ತು ಹಾಕಿದಳು. ಅಮ್ಮ ಒಪ್ಪಿದರು.